ಹದಿನೇಳನೇ ಪದರದ ಅರ್ಧ ಮಾತು

ಫೆಬ್ರವರಿ 30, 2219
ಜೋಗಿಮಟ್ಟಿ ತಪ್ಪಲು, ಚಿತ್ರದುರ್ಗ
ಬೆಳಿಗ್ಗೆ ಹತ್ತೂಕಾಲು

ಬರ್ತೀನಿ ಕುಮುದಕ್ಕ.

ಕಾಗದ ಇನ್ನೂ ಶುರುವೇ ಆಗಿಲ್ಲ, ಆಗ್ಲೇ ಬರ್ತೀನಿ ಅಂತಿದಾಳಲ್ಲ, ಇವಳ ತಲೆ ಸರಿ ಇದ್ಯಾ ಅನ್ಕೋಬೇಡಿ. ಕಾರಣ ಇದೆ, ಹೇಳ್ತೀನಿ. ಇನ್ನೊಂದು ಮಾತನ್ನೂ ಈಗ್ಲೇ ಹೇಳ್ಬಿಡ್ತೀನಿ: ಥ್ಯಾಂಕ್ಸ್. ಅದಕ್ಕೂ ಕಾರಣ ಇದೆ.

ತಾರೀಖು ನೋಡಿ ಗಾಬರಿ ಆಗಿರ್ತೀರ. ಫೆಬ್ರವರಿಗೆ ಮೂವತ್ತು ನಮ್ಮ ಕಾಲದಲ್ಲೂ ಇರ್ಲಿಲ್ಲ. ಹಿಂಟಪಾಲಿಗೆ ಅಂತ ವರ್ಷಕ್ಕೊಂದು ದಿನ ಬೇಕಾಯ್ತು, ಯಾವ ದಿನ ಕೊಟ್ರೂ ಒಬ್ಬರಲ್ಲ ಒಬ್ಬರು ಜಗಳ ತೆಗೆದ್ರು, ಕೊನೆಗೆ ಯಾರದ್ದೂ ಅಲ್ಲದ ಒಂದು ದಿನ ಸೇರಿಸಿದ್ರು. ಹಿಂಟಪಾಲು ಅಂದ್ರೆ ಹಿಂದಿನ ಕಾಲಕ್ಕೆ ಹೋಗೋ ಟಪಾಲು. ಹೇಗೆ ಹೋಗುತ್ತೆ ಅಂತ ಕೇಳ್ಬೇಡಿ, ಶಾಲೇಲಿ ಆ ಪಾಠದ ದಿನ ನಾನು ಕಿಟಕಿ ಕಡೆ ಮುಖ ಮಾಡ್ಕೊಂಡು ಕೂತಿದ್ದೆ. ನನಗೆ ಗೊತ್ತಿರೋದು ಇಷ್ಟು. ಮಧ್ಯಾಹ್ನ ಹನ್ನೆರಡಕ್ಕೆ ಟಪಾಲು ಡಬ್ಬ ಮುಚ್ತಾರೆ. ಉತ್ತರ ಬರಲ್ಲ. ಆಮೇಲೆ, ದಾರೀಲಿ ಕಾಗದದ ಬಾಲ ಉದುರುತ್ತೆ, ಕೊನೇ ಸಾಲುಗಳು ಸುಮಾರು ಸಲ ತಲುಪೋದೇ ಇಲ್ಲ.

ನನ್ನ ಮಾತು ವಿಚಿತ್ರ ಅನ್ಸಿದ್ರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡ ಕಲಿತಿದ್ದು ನಿಮ್ಮ ಕಾಲದ ಚಾಟ್ ಗ್ರೂಪುಗಳಿಂದ. ಒಂದರ ಕೆಳಗೆ ಒಂದು ಪೋಣಿಸಿದಂಗೆ ಮಾತಾಡ್ತೀರಲ್ಲ, ಅದನ್ನ ನಾವು ಮಾತ್ಮಾಲೆ ಅಂತೀವಿ. ಸಾವಿರಾರು ಓದಿದ್ದೀನಿ. ಹೆಸರು ಬಾನಿ. ನಿಮ್ಮ ಕಾಲದಲ್ಲಿ ಬಾನಿ ಅಂದ್ರೆ ದನಕ್ಕೆ ನೀರಿಡೋ ತೊಟ್ಟಿ ಅಂತೆ, ನಗಬೇಡಿ, ನಮ್ಮಲ್ಲಿ ಅದು ಆಕಾಶ. ವಯಸ್ಸು ಹದಿನೇಳು. ಹದಿನೇಳು ನನ್ನ ಲಕ್ಕಿ ನಂಬರ್, ಯಾಕೆ ಅಂತ ನಿಮಗೇ ಗೊತ್ತಾಗುತ್ತೆ.

ಮೊದಲು ನಿಮ್ಮ ಕೆಲಸದಿಂದ ಏನೇನಾಗಿದೆ ಅಂತ ಕೇಳಿ. ನೀವು ಕಾಲೇಜ್ ಲ್ಯಾಬಲ್ಲಿ ಗಾಜಿನ ಮೇಲೆ ಬಳೀತಿದ್ರಲ್ಲ, ಕಣ್ಣಿಗೆ ಕಾಣದ, ಆದ್ರೆ ಕರೆಂಟ್ ಹರಿಯೋ ಪದರ, ಅದನ್ನ ನಾವು ಕಾಣ್ಪೊರೆ ಅಂತೀವಿ. ಕಾಣದ ಪೊರೆ ಅಂತ ಇದ್ದದ್ದು ಸವೆದು ಸವೆದು ಕಾಣ್ಪೊರೆ ಆಗಿದೆ, ಅರ್ಥ ಉಲ್ಟಾ ಆಯ್ತು ಅಂತ ಮೇಷ್ಟ್ರುಗಳಿಗೆ ಕೋಪ. ಅದಿಲ್ಲದ ಗಾಜೇ ಈಗ ಇಲ್ಲ. ನಮ್ಮನೆ ಅಡುಗೆಮನೆ ಕಿಟಕಿ ಬಿಸಿಲು ತಿಂದು ಒಲೆ ಉರಿಸುತ್ತೆ, ಅದೇ ಕಿಟಕಿ ಮೇಲಿನ ಪೊರೆ ಆಂಟೆನಾ ಆಗಿ ದಾವಣಗೆರೆಲಿರೋ ಅತ್ತೆ ಜೊತೆ ಮಾತಾಡುತ್ತೆ. ಕಂಬ, ಗೋಪುರ, ಛತ್ರಿ ಏನೂ ಇಲ್ಲ. ಬೆಳಿಗ್ಗೆ ಎದ್ದ ತಕ್ಷಣ ಮೊದಲ ಕೆಲಸ ಗಾಜೊರೆಸೋದು. ಸೀಗೇಕಾಯಿ ನೀರು, ಹಳೇ ಹತ್ತಿ ಪಂಚೆ. ಹುಳಿ ಮಾತ್ರ ತಾಕಬಾರ್ದು, ಹುಳಿ ಪೊರೆ ತಿನ್ನುತ್ತೆ. ಹುಣಸೆಹಣ್ಣು ಕಿವುಚಿದ ಕೈಯಲ್ಲಿ ಕಿಟಕಿ ಮುಟ್ಟಿದ್ರೆ ನಮ್ಮಜ್ಜಿ ಹಿತ್ತಲಿಂದ್ಲೇ "ಲೇ, ಮನೆ ಮೂಗಿ ಮಾಡ್ತೀಯಾ!" ಅಂತ ಕೂಗ್ತಾರೆ. ಮೋಡ ಕವಿದ ದಿನ ಇಡೀ ಊರೇ ಮೂಗಾಗುತ್ತೆ. ಅವತ್ತು ಯಾರಿಗೆ ಏನು ಹೇಳ್ಬೇಕಿದ್ರೂ ನಡ್ಕೊಂಡೇ ಹೋಗ್ಬೇಕು. ಮೋಡದ ದಿನ ಅಂದ್ರೆ ನಮ್ಮಲ್ಲಿ ಅರ್ಧ ಹಬ್ಬ, ಎಲ್ಲರ ಮನೇಲೂ ಎಲ್ಲರೂ.

ಪೊರೆ ದಪ್ಪ ಬಳಿದ್ರೆ ಕರೆಂಟ್ ಸಲೀಸು, ಮಾತು ಜೋರು, ಆದ್ರೆ ಬೆಳಕು ಒಳಗೆ ಇಳಿಯಲ್ಲ, ಹೊಟ್ಟೆ ಖಾಲಿ. ತೆಳ್ಳಗೆ ಬಳಿದ್ರೆ ಹೊಟ್ಟೆ ತುಂಬುತ್ತೆ, ಮಾತು ಪಿಸುಪಿಸು. ಇದನ್ನ ನಿಮಗೆ ಹೇಳೋದು ತಮಾಷೆ, ನಿಮ್ಮಿಂದ್ಲೇ ಕಲಿತದ್ದು. ಆದ್ರೆ ಇದು ಈಗ ಬೈಗುಳ ಆಗಿಬಿಟ್ಟಿದೆ ಗೊತ್ತಾ? ಉಣ್ಣದೆ ಹರಟೆ ಹೊಡೆಯೋರಿಗೆ ದಪ್ಪಪೊರೆ ಅಂತಾರೆ. ನನಗೆ ತೆಳುಪೊರೆ ಅಂತಾರೆ. ತಿಂತಾಳೆ, ಮಾತಿಲ್ಲ ಅಂತ. ಅದರ ವಿಷಯ ಆಮೇಲೆ.

ಹತ್ತೂ ಮುಕ್ಕಾಲು ಆಗೋಯ್ತು. ಬೇಗ ಬೇಗ ಹೇಳ್ತೀನಿ.

ನೀವು ಕಳ್ಸಿದ ಉಪಗ್ರಹ ಇನ್ನೂ ಮೇಲಿದೆ ಕುಮುದಕ್ಕ. ಊಟದ ಡಬ್ಬಿ ಗಾತ್ರದ್ದು, ಅದಕ್ಕೇ ಅದರ ಹೆಸರು ಡಬ್ಬಿ. ಸರ್ಕಾರಿ ಹೆಸರು ಏನೋ ಇತ್ತಂತೆ, ಯಾರಿಗೂ ನೆನಪಿಲ್ಲ. ಆ ಕಾಲದ ಬೇರೆ ಪುಟಾಣಿ ಉಪಗ್ರಹಗಳಿಗೆ ಆಂಟೆನಾ ಹೊರಗೆ ಮೀಸೆ ತರ ಚಾಚಿಕೊಂಡಿತ್ತು, ಎಲ್ಲಾ ಎಂದೋ ಮುರಿದು ಸತ್ವು. ನೀವೊಬ್ರೇ ಸೋಲಾರ್ ಸೆಲ್ಲಿನ ಗಾಜಿನ ಮೇಲೇ ಆಂಟೆನಾ ಬಳಿದಿದ್ದು. ಮುರಿಯೋಕೆ ಏನೂ ಇಲ್ಲ. ಡಬ್ಬಿ ಬ್ಯಾಟರಿ ಸತ್ತು ಕಾಲ ಆಯ್ತು, ಐದು ಮಗ್ಗುಲು ಕುರುಡಾದ್ವು. ಆರನೇ ಮಗ್ಗುಲಲ್ಲಿ ನಿಮ್ಮ ಹದಿನೇಳನೇ ಪದರ ಇದೆ. ಡಬ್ಬಿ ಉರುಳ್ತಾ ಉರುಳ್ತಾ ಆ ಮಗ್ಗುಲಿಗೆ ಬಿಸಿಲು ಬಿದ್ದಾಗ ಎಚ್ಚರ ಆಗುತ್ತೆ, ಅದೇ ಮಗ್ಗುಲಿಂದ ಮಾತಾಡುತ್ತೆ, ನಾಲ್ಕು ಸೆಕೆಂಡಿಗೆ ಬಿಸಿಲು ಜಾರುತ್ತೆ, ಸತ್ತೋಗುತ್ತೆ. ಮತ್ತೆ ಬಿಸಿಲು, ಮತ್ತೆ ಮೊದಲಿಂದ. ಸುಮಾರು ಇನ್ನೂರು ವರ್ಷದಿಂದ ಹೀಗೇ.

ನಿಮ್ಮ ನೋಟ್‌ಬುಕ್ಕಿನ ಒಂದೇ ಒಂದು ಪುಟ ನಮ್ಮ ಹತ್ರ ಇದೆ. ಯಾರೋ ಪುಣ್ಯಾತ್ಮರು ಫೋಟೋ ಹೊಡೆದು ಗ್ರೂಪಲ್ಲಿ ಹಾಕಿದ್ರು. ಅದು ನನಗೆ ಬಾಯಿಪಾಠ. "ಪದರ 17. ಹದಿನಾರು ಸಲ ಹಾಳಾಯ್ತು. ಇದು ಬೆಳಕು ನೂರಕ್ಕೆ ಎಂಬತ್ತೆಂಟು ಬಿಡ್ತಿದೆ, ಕರೆಂಟೂ ಹರೀತಿದೆ. ಸಾಕು ಇನ್ನು, ಇದನ್ನೇ ಕಳ್ಸೋಣ. ಕುಮುದಿನಿ." ಆ "ಸಾಕು ಇನ್ನು" ಅನ್ನೋದು ಡಬ್ಬಿ ಮಾತಿಗೆ ಕಿವಿಗೊಟ್ಟು ಕೂರೋ ಹುಚ್ಚರ ಗುಂಪು, ನಮ್ಮ ಡಬ್ಬಿ ಬಳಗದ ಘೋಷಣೆ, ಯಾರಾದ್ರೂ ಜಾಸ್ತಿ ಕೊರೆದ್ರೆ ಎಲ್ಲಾ ಸೇರಿ ಅದನ್ನೇ ಹೊಡೀತೀವಿ. ಪುಟದ ಕೆಳಗೆ, ಡಬ್ಬಿ ಬಾಯಲ್ಲಿ ಮತ್ತೆ ಮತ್ತೆ ಹೇಳಿಸೋ ಮಾತಿನ ಬಗ್ಗೆ, ಇನ್ನೊಂದು ಸಾಲಿದೆ. "ಬೀಕನ್ನಲ್ಲಿ ಏನು ಹೇಳಿಸ್ಬೇಕು ಅಂತ ನನ್ನನ್ನೇ ಕೇಳಿದ್ರು. ನಾನು ಬರ್ದಿದ್ದು:" ಅಷ್ಟೇ. ಅದರ ಮುಂದೆ ಒಂದು ದೊಡ್ಡ ಎಣ್ಣೆ ಕಲೆ, ಮಧ್ಯದಲ್ಲಿ ಒಂದು ಕಡಲೇಬೀಜದ ಚೂರು. ಅದು ಪುಳಿಯೋಗರೆನೇ ಅಂತ ಬಳಗದವರೆಲ್ಲ ಒಪ್ಪಿದ್ದೀವಿ. ನಾವು ಒಪ್ಪಿರೋದು ಅದೊಂದೇ ವಿಷಯ. ಅಲ್ಲ ಕುಮುದಕ್ಕ, ಪುಸ್ತಕ ಮುಚ್ಚಿಟ್ಟು ಊಟ ಮಾಡೋಕೇನಾಗಿತ್ತು ನಿಮಗೆ?

ಡಬ್ಬಿ ಹೇಳೋದು ಮೋರ್ಸಲ್ಲಿ, ಗಿಡ್ಡ ಬೀಪು ಉದ್ದ ಬೀಪು, ನಮ್ಮ ಕಿಟಕಿ ಗಾಜೇ ಅದನ್ನ ಹಿಡಿದು ಕೇಳಿಸುತ್ತೆ. ಅದರಲ್ಲಿ ಕನ್ನಡ ಅಕ್ಷರ ಇಲ್ಲ, ಹಾಗಾಗಿ ಚಾಟಲ್ಲಿ ಹೊಡೆಯೋ ತರ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೊಡೆದಿದ್ದೀರ. ಡಬ್ಬಿ ಉರುಳೋದು ವರ್ಷದಿಂದ ವರ್ಷಕ್ಕೆ ನಿಧಾನ ಆಗ್ತಿದೆ, ಅದಕ್ಕೆ ಎಚ್ಚರ ಇರೋ ಹೊತ್ತು ಒಂದೊಂದು ಚೂರು ಜಾಸ್ತಿ ಆಗ್ತಿದೆ. ನಾನು ಚಿಕ್ಕವಳಿದ್ದಾಗ ಎಚ್ ಅಷ್ಟೇ ಕೇಳ್ತಿತ್ತು. ಆಮೇಲೆ ಎಚ್ ಓ. ಹೋದ ವರ್ಷ ಸಂಕ್ರಾಂತಿಗೆ ಎಚ್ ಓ ಜಿ. ಹೋಗ್! ಅವತ್ತು ಬಳಗದಲ್ಲಿ ಕುಣಿದಾಡಿದ್ದೇ ಕುಣಿದಾಡಿದ್ದು. ಈ ಸಂಕ್ರಾಂತಿಗೆ, ಬಾಯಲ್ಲಿ ಎಳ್ಳು ಬೆಲ್ಲ, ಕೈ ಕಿಟಕಿ ಮೇಲೆ, ಹೋಗ್ ಆದ್ಮೇಲೆ ಮೊದಲನೇ ಸಲ ಇನ್ನೊಂದು ಬೀಪ್ ಬಂತು. ಉದ್ದ ಬೀಪ್. ಒಂದೇ ಒಂದು. ಆಮೇಲೆ ಬಿಸಿಲು ಜಾರಿತು.

ಜಗಳ ಶುರುವಾಗಿದ್ದು ಅಲ್ಲಿಂದ. ಮೋರ್ಸಲ್ಲಿ ಒಂದು ಉದ್ದ ಬೀಪ್ ಅಂದ್ರೆ ಟಿ. ಆದ್ರೆ ಒಂದು ಉದ್ದ ಆದ್ಮೇಲೆ ಮೂರು ಗಿಡ್ಡ ಬಂದ್ರೆ ಅದು ಬಿ. ಟಿ ಆಗಿದ್ರೆ ಹೋಗ್ತೀನಿ. ಬಿ ಆಗಿದ್ರೆ ಹೋಗ್ಬರ್ತೀನಿ. ನಿಮಗೆ ಇದರ ವ್ಯತ್ಯಾಸ ನಾನು ಹೇಳ್ಬೇಕಾ? ಮನೆ ಬಿಟ್ಟು ಹೊರಡೋವಾಗ ಹೋಗ್ತೀನಿ ಅಂದ್ರೆ ನಮ್ಮಜ್ಜಿ ಇವತ್ತಿಗೂ ಬೀದಿ ತನಕ ಓಡಿ ಬಂದು ಮತ್ತೆ ಸರಿಯಾಗಿ ಹೇಳಿಸಿಯೇ ಬಿಡೋದು.

ಟಿ ಗುಂಪಿನ ನಾಯಕ ನನ್ನ ಸೋದರಮಾವನ ಮಗ ಓಬಳೇಶ. ಅವನ ವಾದ, "ಉಪಗ್ರಹ ವಾಪಸ್ ಬರೋದಿಲ್ಲ ಅಂತ ಮಾಡಿದೋರಿಗೆ ಗೊತ್ತಿರಲ್ವೇನೇ? ಲ್ಯಾಬಲ್ಲಿ ಕೆಲಸ ಮಾಡೋರು ಸುಳ್ಳು ಬರೀತಾರಾ? ಹೋಗ್ತೀನಿ ಅಂದ್ರು, ಹೋಯ್ತು, ಮುಗೀತು." ನಾನು ಬಿ ಗುಂಪು. "ನಿನಗೆ ಬಿ ಬೇಕು, ಅದಕ್ಕೆ ಬಿ ಕೇಳ್ಸುತ್ತೆ" ಅಂತಾನೆ. ಮಾತ್ಮಾಲೇಲಿ ಇಬ್ಬರೂ ಒಬ್ಬರಿಗೊಬ್ಬರು ಹೇಳಿರೋದನ್ನ ಇಲ್ಲಿ ಬರೆಯಲ್ಲ, ನೀವು ದೊಡ್ಡವರು.

ಇಷ್ಟೇ ಆಗಿದ್ರೆ ಜಗಳ ಆಡ್ಕೊಂಡು ಆರಾಮಾಗಿರ್ತಿದ್ವಿ. ಆದ್ರೆ ಬಾನ್ಗುಡಿಸೋರು ಬರ್ತಿದ್ದಾರೆ. ಆಕಾಶದ ಕಸ ಗುಡಿಸೋ ಮಂಡಳಿ ಅದು, ಅವರ ನೌಕೆ ಈ ದಾರೀಲಿ ನಲವತ್ತು ವರ್ಷಕ್ಕೊಂದ್ಸಲ ಬರೋದು. ಇನ್ನು ಒಂಬತ್ತು ದಿನಕ್ಕೆ ಡಬ್ಬಿ ಹತ್ರ ಇರುತ್ತೆ. ಕಾನೂನು ಏನು ಅಂದ್ರೆ, ಮಾಡಿದೋರು ವಾಪಸ್ ಬರ್ಲಿ ಅಂತ ಕಳ್ಸಿದ ವಸ್ತುವನ್ನ ಜೋಪಾನವಾಗಿ ಕೆಳಗಿಳಿಸಿ ಅವರ ಊರಿಗೆ ತಲುಪಿಸ್ಬೇಕು. ಹೋಗ್ಲಿ ಅಂತ ಕಳ್ಸಿದ್ದನ್ನ ಅಲ್ಲೇ ಸುಡ್ಬೇಕು. ಯಾವುದು ಏನು ಅನ್ನೋದಕ್ಕೆ ಆ ವಸ್ತು ತಾನೇ ಹೇಳಿದ ಮಾತೇ ಸಾಕ್ಷಿ. ಕಾಗದ ಪತ್ರ ನಡೆಯಲ್ಲ, ಅದನ್ನ ಯಾರು ಬೇಕಾದ್ರೂ ತಿದ್ದಬಹುದಲ್ಲ. ಅದಕ್ಕೇ ಪುಳಿಯೋಗರೆ ಕಲೆ ತಪ್ಪಿಸಿ ಅಂತ ನಿಮ್ಮನ್ನ ಕೇಳ್ತಿಲ್ಲ, ಅದರಿಂದ ಪ್ರಯೋಜನ ಇಲ್ಲ. ಮುಂದಿನ ಬೀಪ್ ಕೇಳೋಕೆ ಡಬ್ಬಿ ಇನ್ನೊಂದು ಚೂರು ನಿಧಾನ ಆಗ್ಬೇಕು, ಎರಡು ಮೂರು ತಿಂಗಳಾದ್ರೂ ಬೇಕು. ವಿಚಾರಣೆ ನಡೆಸೋ ತಿಪ್ಪಮ್ಮ ಮೇಡಂಗೆ ಹೇಳ್ದೆ. ಒಳ್ಳೆಯವರೇ ಅವರು. "ನೌಕೆ ನಿನಗೋಸ್ಕರ ಬ್ರೇಕ್ ಹಾಕಲ್ಲಮ್ಮ" ಅಂದ್ರು. ಕೊನೇ ವಿಚಾರಣೆ ಇವತ್ತೇ, ಮಧ್ಯಾಹ್ನ ಮೂರಕ್ಕೆ. ಬಳಗದ ಪರವಾಗಿ ಮಾತಾಡ್ಬೇಕಾಗಿರೋದು ನಾನು.

ನಾನು ಉಗ್ಗುತ್ತೀನಿ ಕುಮುದಕ್ಕ.

ಬರೆಯೋವಾಗ ಗೊತ್ತಾಗಲ್ಲ, ಅದಕ್ಕೇ ಮಾತ್ಮಾಲೇಲಿ ನಾನು ದೊಡ್ಡ ದಪ್ಪಪೊರೆ. ಬಾಯಿ ತೆರೆದ್ರೆ ಮೊದಲನೇ ಅಕ್ಷರದಲ್ಲೇ ಸಿಕ್ಕಾಕೊಳ್ತೀನಿ. ಅದರಲ್ಲೂ ಬ. ನನ್ನ ಹೆಸರೇ ಬಾನಿ, ನೋಡಿ ಎಂಥಾ ಅದೃಷ್ಟ. ಬ ಅಂತ ಶುರು ಮಾಡ್ತೀನಿ, ನಿಲ್ಲುತ್ತೆ, ಮತ್ತೆ ಮೊದಲಿಂದ ಶುರು ಮಾಡ್ತೀನಿ. ಅಷ್ಟರಲ್ಲಿ ಎದುರಿಗಿರೋರು ಪಾಪ ಅಂತ ನನ್ನ ಮಾತನ್ನ ಅವರೇ ಮುಗಿಸ್ತಾರೆ. ಬಸ್ಸಾ? ಬಟ್ಟೆನಾ? ಬೇಡ್ವಾ? ನಾನು ಹೇಳೋಕೆ ಹೊರಟಿದ್ದು ಬೇರೆ ಏನೋ ಆಗಿರುತ್ತೆ, ಆದ್ರೆ ಸಾಕಾಗಿ ಹೂಂ ಅಂದ್ಬಿಡ್ತೀನಿ. ಎಷ್ಟು ಸಲ ಬೇಡದ ಬಟ್ಟೆ ಮನೆಗೆ ತಂದಿದ್ದೀನೋ. ನಮ್ಮಜ್ಜಿ ಒಬ್ರೇ ಮುಗಿಸಲ್ಲ. ಶಾಲೆಗೆ ಹೊರಡೋವಾಗ ಬಾಗಿಲಲ್ಲಿ ನಿಂತು ಬ, ಬ, ಬ ಅಂತಿದ್ರೆ ಒರಳಲ್ಲಿ ಹಿಟ್ಟಿದ್ರೂ ಕೈ ತೊಳ್ಕೊಂಡು ಬಂದು ನಿಲ್ತಾರೆ. ನಾನು ಬರ್ತೀನಿ ಅಂತ ಪೂರ್ತಿ ಹೇಳೋ ತನಕ ಕಾಯ್ತಾರೆ. ಆಮೇಲೆ, "ಹೂಂ, ಬಾ" ಅಂತಾರೆ. ಎಷ್ಟೋ ದಿನ ಮೊದಲನೇ ಪಿರಿಯಡ್ ತಪ್ಪಿದೆ.

ಈಗ ಗೊತ್ತಾಯ್ತಲ್ಲ, ಡಬ್ಬಿ ಮೇಲೆ ನನಗ್ಯಾಕಿಷ್ಟು ಹುಚ್ಚು ಅಂತ? ಇನ್ನೂರು ವರ್ಷದಿಂದ ಅದೇ ಅರ್ಧ ಮಾತು, ಪ್ರತಿ ಸಲ ಮೊದಲಿಂದ. ಇವತ್ತು ಮೂರು ಗಂಟೆಗೆ ಅದರ ಮಾತನ್ನ ಯಾರೋ ಮುಗಿಸ್ತಾರೆ, ಹೋಗ್ತೀನಿ ಅಂತ. ಮುಗಿಸಿ ಸುಟ್ಟುಬಿಡ್ತಾರೆ.

ಹನ್ನೊಂದೂವರೆ.

ನಿನ್ನೆ ಇನ್ನೊಂದು ತಲೆನೋವಾಯ್ತು. ಅಜ್ಜಿ ಗಾಜೊರೆಸ್ತಾ, ನಾನೂ ಓಬಳೇಶನೂ ಟಿ ಬಿ ಟಿ ಬಿ ಅಂತ ಕಚ್ಚಾಡೋದನ್ನ ಕೇಳಿಸ್ಕೊಂಡು, "ಅಲ್ಲ ಕಣ್ರೋ, ಮಾತಾಡ್ತಿರೋದು ಡಬ್ಬಿನೇ ಅಂತ ನಿಮಗ್ಯಾರು ಹೇಳಿದ್ದು?" ಅಂದ್ರು. "ಬರ್ದಿರೋದು ಆ ಹುಡುಗಿ. ಅವಳು ಕಳ್ಸಿಕೊಡೋಕೆ ಬಾಗಿಲಲ್ಲಿ ನಿಂತೋಳು. ಬಾಗಿಲಲ್ಲಿ ನಿಂತೋರು ಹೋಗ್ತೀನಿ ಅಂತಾರಾ, ಬರ್ತೀನಿ ಅಂತಾರಾ? ಹೋಗ್ಬಾ ಅಂತಾರೆ." ಒಂದೂವರೆ ತಿಂಗಳಿಂದ ನಾಲ್ಕು ಸಾವಿರ ಜನ ಜಗಳ ಆಡ್ತಿದ್ದೀವಿ, ಒಬ್ಬರಿಗೂ ಹೊಳೆದಿರ್ಲಿಲ್ಲ. ಹೋಗ್ಬಾ. ಅಕ್ಕ, ನೀವು ಅಷ್ಟೇ ಬರ್ದಿದ್ರಾ? ಆಮೇಲೆ ಓಬಳೇಶ ಬೇಕಂತ್ಲೇ, "ಹೋಗ್ಬೇಡ ಅಂತಾನೂ ಇರ್ಬಹುದಲ್ಲಜ್ಜಿ" ಅಂದ. ಅಜ್ಜಿ ಒದ್ದೆ ಪಂಚೆ ಬೀಸಿ ಹೊಡೆದ್ರು.

ರಾತ್ರಿಯೆಲ್ಲ ತಲೇಲಿ ಅದೇ ಓಡ್ತಿತ್ತು. ಬೆಳಿಗ್ಗೆ ಎದ್ದಾಗ ಒಂದು ವಿಷಯ ಹೊಳೀತು. ನಾವು ಹೋಗೋದನ್ನ ಮೊದಲು ಹೇಳ್ತೀವಿ, ಬರೋದನ್ನ ಕೊನೇಲಿಡ್ತೀವಿ. ಹೋಗ್ಬರ್ತೀನಿ. ಹೋಗ್ಬಾ. ಬಿಸಿಲು ಜಾರಿದ್ರೆ ತಪ್ಪಿ ಹೋಗೋದು ಯಾವುದು ಹೇಳಿ? ಬರೋದು. ಅದೊಂದೇ ಮುಖ್ಯ, ಅದೇ ಕಟ್ ಆಗುತ್ತೆ.

ಹಾಗಾಗಿ ನನ್ನ ಕೋರಿಕೆ ಇದು. ಈ ಕಾಗದ ನೀವು ಹದಿನೇಳನೇ ಪದರ ಬಳಿದ ವಾರ ತಲುಪೋ ಹಾಗೆ ವಿಳಾಸ ಹಾಕಿದ್ದೀನಿ. ಬೀಕನ್ ಪದ ಇನ್ನೂ ಡಬ್ಬಿಗೆ ಹಾಕಿರಲ್ಲ. ನಿಮ್ಮ ಮನಸ್ಸಲ್ಲಿ ಬರೋದು ಅಂತ ಇದ್ರೆ, ದಯವಿಟ್ಟು ಹೋಗ್ ತೆಗೆದುಬಿಡಿ. ಬರೀ ಬರ್ತೀನಿ ಅಂತ ಹಾಕಿ. ನಮ್ಮನೇಲಿ ನಾವು ಹಾಗೇ ಹೇಳೋದು, ಹೋಗೋದು ಕಣ್ಣಿಗೇ ಕಾಣುತ್ತಲ್ಲ, ಅದನ್ನ ಯಾಕೆ ಹೇಳ್ಬೇಕು? ಬೀಪು ಲೆಕ್ಕ ಹಾಕಿ ನೋಡ್ದೆ. ಡಬ್ಬಿ ಎಚ್ ಓ ಜಿ ಆಗಿ ಒಂದು ಉದ್ದ ಬೀಪ್ ಹೊಡೆಯೋ ಅದೇ ಹೊತ್ತಲ್ಲಿ, ಒಂದು ಗಿಡ್ಡ ಬೀಪೂ ಆಚೀಚೆ ಇಲ್ಲದೆ, ಬಿ ಎ ಆರ್ ಟಿ ಐ ಹಿಡಿಯುತ್ತೆ. ಬರ್ತಿ! ಮೂರು ಸಲ ಲೆಕ್ಕ ಮಾಡ್ದೆ. ಬರ್ತಿ ಅಂತ ಕೇಳಿದ್ಮೇಲೆ ತಿಪ್ಪಮ್ಮ ಮೇಡಂ ಇರ್ಲಿ, ಓಬಳೇಶನೂ ಬೇರೆ ತರ ಮುಗಿಸೋಕಾಗಲ್ಲ. ನೀವು ಬರ್ದಿದ್ದು ಹೋಗ್ಬಾ ಆಗಿದ್ರೆ ಇನ್ನೂ ಸುಲಭ. ಬಾ ಅಂತ ಹಾಕಿ ಸಾಕು, ಅರ್ಧ ಹೊತ್ತಲ್ಲೇ ಮುಗಿಯುತ್ತೆ.

ಆದ್ರೆ ಸುಳ್ಳು ಹೇಳಿ ಅಂತ ನಾನು ಕೇಳ್ತಿಲ್ಲ. ಇದನ್ನ ಬರೆಯೋಕೆ ಕಷ್ಟ ಆಗ್ತಿದೆ, ಎರಡು ಸಲ ಪೆನ್ನು ಕೆಳಗಿಟ್ಟೆ. ನೀವು ನಿಜವಾಗ್ಲೂ ಹೋಗ್ತೀನಿ ಅಂತಾನೇ ಬರ್ದಿದ್ರೆ, ಹದಿನಾರು ಸಲ ಹಾಳಾಗಿ ಸುಸ್ತಾಗಿ, ಹೋಗ್ಲಿ ಅತ್ಲಾಗೆ ಅಂತ ಅನ್ಸಿದ್ರೆ, ಅದನ್ನೇ ಇಡಿ. ಒಂದಕ್ಷರ ಮುಟ್ಬೇಡಿ. ನನ್ನ ಮಾತನ್ನ ಬೇರೆಯವರು ಮುಗಿಸಿದ್ರೆ ನನಗೆ ಹೇಗಾಗುತ್ತೆ ಅಂತ ಹೇಳಿದ್ನಲ್ಲ, ನಿಮ್ಮ ಮಾತನ್ನ ನಾನು ಮುಗಿಸ್ಬಾರ್ದು. ಆಗ ಮೂರು ಗಂಟೆಗೆ ಹೋಗಿ, ಉಗ್ಗಿದ್ರೆ ಉಗ್ಗಿ, ಟಿ ಗುಂಪು ಹೇಳಿದ್ದೇ ಸರಿ ಅಂತ ನಾನೇ ಹೇಳ್ತೀನಿ. ಓಬಳೇಶ ಸಾಯೋ ತನಕ ಅದನ್ನೇ ಆಡ್ಕೊಂಡು ನಗ್ತಾನೆ. ನಗ್ಲಿ.

ಅವನು ಇನ್ನೊಂದು ಹೇಳ್ದ. "ಅವರು ಪದ ಬದಲಾಯಿಸಿದ್ರು ಅನ್ಕೋ. ಆಗ ಡಬ್ಬಿ ಇನ್ನೂರು ವರ್ಷದಿಂದ್ಲೂ ಬರ್ತಿ ಅಂತಾನೇ ಹೇಳ್ತಿರುತ್ತೆ. ಹೋಗ್ ಅಂತ ನೀನು ಕೇಳಿರೋದೇ ಇಲ್ಲ, ಈ ಕಾಗದ ಬರ್ದಿದ್ದೂ ನೆನಪಿರಲ್ಲ. ಯಾರಿಗೆ ಥ್ಯಾಂಕ್ಸ್ ಹೇಳ್ತೀಯಾ?" ಮೊದಲನೇ ಸಲ ಅವನು ಸರಿಯಾಗಿ ಹೇಳಿದ್ದು. ಅದಕ್ಕೇ ಥ್ಯಾಂಕ್ಸ್ ಮೇಲೇ ಹೇಳಿಬಿಟ್ಟಿದ್ದೀನಿ.

ಹನ್ನೊಂದು ಐವತ್ತು. ಟಪಾಲು ಡಬ್ಬ ಮುಚ್ಚೋ ಹುಡುಗಿ ಬಾಗಿಲಲ್ಲಿ ನಿಂತು ಕಾಗದ ಕೇಳ್ತಿದಾಳೆ. ಆಕಾಶದಲ್ಲಿ ಒಂದೂ ಮೋಡ ಇಲ್ಲ. ಅಜ್ಜಿ ಅಡುಗೆಮನೆ ಕಿಟಕಿ ಎರಡನೇ ಸಲ ಒರೆಸ್ತಿದಾರೆ, ಕೇಳಿದ್ರೆ ಧೂಳಿತ್ತು ಅಂತಾರೆ, ಇರ್ಲಿಲ್ಲ. ಓಬಳೇಶನೂ ಬಂದು ಕೂತಿದಾನೆ. ಡಬ್ಬಿ ನಮ್ಮ ತಲೆ ಮೇಲೆ ಬರೋದು ಹನ್ನೆರಡು ನಲವತ್ತಕ್ಕೆ. ಕೈ ಗಾಜಿನ ಮೇಲಿಟ್ಟು ಕೂತಿರ್ತೀನಿ. ಮೊದಲ ಬೀಪಲ್ಲೇ ಗೊತ್ತಾಗುತ್ತೆ. ಎಚ್ ಶುರುವಾಗೋದು ಗಿಡ್ಡದಿಂದ, ಬಿ ಶುರುವಾಗೋದು ಉದ್ದದಿಂದ. ಯಾವುದೇ ಬರ್ಲಿ, ಅದು ನಿಮ್ಮ ಮಾತು.

ಕೊನೇಲಿ ಹೇಳೋಕೆ ಅಂತ ನಾನು ಏನೂ ಉಳಿಸ್ಕೊಂಡಿಲ್ಲ ಕುಮುದಕ್ಕ. ಬಾಲ ಉದುರಿದ್ರೆ ಉದುರ್ಲಿ. ಹೇಳ್ಬೇಕಾದ್ದನ್ನ ಮೊದಲನೇ ಸಾಲಲ್ಲೇ, ಒಂದ್ಸಲಾನೂ ನಿಲ್ಲದೆ, ಪೂರ್ತಿ ಹೇಳಿದ್ದೀನಿ.